ಪದವೂ ಅರ್ಥವೂ: ಮಂಗೋಲರ ಮೂರು ಹಾಡುಗಳ ಮರುಧ್ವನಿಮುದ್ರಣ

೧

ತಾಳಮದ್ದಳೆಯ ಕೂಟದಲ್ಲಿ ಕುಳಿತವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಭಾಗವತರು ಪದವನ್ನು ಹಾಡಿ ನಿಲ್ಲಿಸುತ್ತಾರೆ. ಆ ಮೇಲೆ ವೇಷವಿಲ್ಲದೆ ಕುಳಿತಲ್ಲಿಂದಲೇ ಅರ್ಥಧಾರಿ ಮಾತಿಗೆ ತೊಡಗುತ್ತಾನೆ. ಪದದಲ್ಲಿ ಇದ್ದುದನ್ನೇ ಗದ್ಯಕ್ಕಿಳಿಸಿ ಒಪ್ಪಿಸುವವನೂ ಅರ್ಥಧಾರಿಯೇ. ಪದವು ಸೂಚಿಸಿ ಬಿಟ್ಟುದನ್ನು ಹಿಡಿದು ಪಾತ್ರದ ಅಂತರಂಗವನ್ನು ತೆರೆದು ತೋರುವವನೂ ಅರ್ಥಧಾರಿಯೇ. ಮೊದಲನೆಯವನ ಮಾತು ಯಾವಾಗ ಮುಗಿದೀತೆಂದು ಸಭೆ ಕಾಯುತ್ತದೆ. ಎರಡನೆಯವನು ಮಾತಾಡುತ್ತಿದ್ದರೆ ಹೊತ್ತು ಹೋದುದೇ ತಿಳಿಯುವುದಿಲ್ಲ. ಇಬ್ಬರಿಗೂ ಆಧಾರ ಒಂದೇ ಪದ. ಆದರೂ ಒಬ್ಬನಿಂದ ಪದಕ್ಕೆ ಏನೂ ಸಂದುದಿಲ್ಲ, ಇನ್ನೊಬ್ಬನಿಂದ ಅದು ಬೆಳೆಯಿತು.

ಈ ಭೇದವನ್ನು ಅಳತೆಗೋಲಾಗಿ ಇಟ್ಟುಕೊಂಡು, ನಮಗೆ ಬಹುದೂರದ ಮಂಗೋಲಿಯಾ ದೇಶದ ಮೂರು ಹಾಡುಗಳನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ಈ ಮೂರನ್ನೂ ಹಾಡಿದವರು ಮೊದಲು ತಮ್ಮ ಭಾಷೆಯಲ್ಲಿಯೇ ಹಾಡಿ ಧ್ವನಿಮುದ್ರಿಸಿದರು. ಆ ಮೇಲೆ ಅಮೆರಿಕದ ಗಾಯಕರನ್ನು ಜತೆಗೆ ಕರೆದು, ಇಂಗ್ಲಿಷ್ ದನಿಯನ್ನು ಸೇರಿಸಿ, ಅವನ್ನೇ ಎರಡನೆಯ ಬಾರಿ ಹೊರತಂದರು. ಸಣ್ಣ ಭಾಷೆಯೊಂದು ತನ್ನ ಹಾಡಿನ ಮನೆಗೆ ದೊಡ್ಡ ಭಾಷೆಯನ್ನು ಅತಿಥಿಯಾಗಿ ಬರಮಾಡಿಕೊಂಡಾಗ ಆ ಮನೆಯಲ್ಲಿ ಏನಾಗುತ್ತದೆ ಎಂಬುದು ಇಲ್ಲಿಯ ಪ್ರಶ್ನೆ. ಗಡಿನಾಡಿನ ಶಾಲೆಗಳಲ್ಲಿ ಕನ್ನಡ ಹೇಳಿಕೊಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಪರರ ಮನೆಯ ಉದಾಹರಣೆಯಲ್ಲಿ ಅದನ್ನು ನೋಡಿದರೆ ನಮ್ಮ ಮನಸ್ಸು ಕೊಂಚ ನಿಷ್ಪಕ್ಷಪಾತವಾಗಿ ಕೆಲಸ ಮಾಡೀತು.

೨

ಹಾಡಿದವರ ಪರಿಚಯ ಮೊದಲು ಆಗಬೇಕು. ತಂಡದ ಹೆಸರು ‘ದಿ ಹು’. ನಮ್ಮ ಹೂವಿಗೂ ಇದಕ್ಕೂ ಸಂಬಂಧವಿಲ್ಲ. ಮನುಷ್ಯ ಎಂಬರ್ಥದ ಮಂಗೋಲ ಧಾತು ಇದು. ೨೦೧೬ರಲ್ಲಿ ರಾಜಧಾನಿ ಉಲಾನ್‌ಬಾತರಿನಲ್ಲಿ ದಾಷ್ಕಾ ಎಂಬ ಸಂಗೀತ ನಿರ್ಮಾಪಕರ ಪ್ರೇರಣೆಯಿಂದ ತಂಡ ಹುಟ್ಟಿತು. ಗಾಲಾ, ಜಾಯಾ, ಎಂಖುಶ್, ತೆಮ್ಕಾ ಎಂಬ ನಾಲ್ವರು ಇದರ ಮೂಲಸ್ತಂಭಗಳು. ೨೦೧೮ರ ಕೊನೆಯ ತಿಂಗಳುಗಳಲ್ಲಿ ‘ಯುವೆ ಯುವೆ ಯು’ ಮತ್ತು ‘ವುಲ್ಫ್ ಟೋಟೆಮ್’ ಎಂಬ ಎರಡು ಹಾಡುಗಳನ್ನು ಚಿತ್ರಸಹಿತವಾಗಿ ಯೂಟ್ಯೂಬಿನಲ್ಲಿ ಬಿಟ್ಟರು. ಕುದುರೆ ಸವಾರರೂ ಮೋಟಾರ್ ಸೈಕಲ್ ಸವಾರರೂ ಬಯಲಿನಲ್ಲಿ ಕೂಡಿಬರುವ ‘ವುಲ್ಫ್ ಟೋಟೆಮ್’ ಚಿತ್ರವನ್ನು ಲೋಕವೆಲ್ಲ ನೋಡಿತು. ೨೦೧೯ರ ಸೆಪ್ಟೆಂಬರಿನಲ್ಲಿ ಒಂಬತ್ತು ಹಾಡುಗಳ ‘ದಿ ಗೆರೆಗ್’ ಎಂಬ ಸಂಪುಟ ಬಂತು. ಗೆರೆಗ್ ಎಂದರೆ ಚಿಂಗಿಸ್ ಖಾನನ ಕಾಲದ ರಹದಾರಿಯ ಫಲಕ. ಅದನ್ನು ತೋರಿಸಿದ ದೂತನಿಗೆ ಸಾಮ್ರಾಜ್ಯದ ಉದ್ದಗಲಕ್ಕೂ ದಾರಿ ತೆರೆಯುತ್ತಿತ್ತು. ಸಂಪುಟಕ್ಕೆ ಈ ಹೆಸರನ್ನು ಆರಿಸಿಕೊಂಡವರ ಆಸೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಇವರ ವಾದ್ಯಗಳನ್ನು ಸ್ವಲ್ಪ ಗಮನಿಸಬೇಕು. ಮುಖ್ಯವಾದುದು ಮೋರಿನ್ ಖೂರ್, ಎಂದರೆ ಕುದುರೆದಲೆಯ ಪಿಟೀಲು. ಇದಕ್ಕೆ ಎರಡೇ ತಂತಿ. ಪೂರ್ವದಿಂದ ಬಂದ ಪದ್ಧತಿಯಲ್ಲಿ ತಂತಿಯೂ ಕುದುರೆಯ ಬಾಲದ ಕೂದಲು, ಉಜ್ಜುವ ಕಮಾನಿಗೆ ಕಟ್ಟಿದ್ದೂ ಅದೇ ಕೂದಲು. ತುದಿಯಲ್ಲಿ ಕೆತ್ತಿದ ಕುದುರೆಯ ತಲೆ. ಇದರೊಡನೆ ತೊವ್‌ಶೂರ್ ಎಂಬ ಮೀಟುವಾದ್ಯ, ತ್ಸೂರ್ ಎಂಬ ಕೊಳಲು, ಮತ್ತು ನಮ್ಮ ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಮೋರ್ಸಿಂಗ್ ಎಂದು ಕರೆಯುವ ಬಾಯಿವಾದ್ಯದ ಒಡಹುಟ್ಟಿದಂತಿರುವ ತೊಮೊರ್ ಖೂರ್. ಇವೆಲ್ಲಕ್ಕೂ ಮಿಗಿಲಾದುದು ಖೂಮೇ ಎಂಬ ಕಂಠಗಾನ. ಒಬ್ಬನೇ ಗಾಯಕ ಗಂಟಲಿನಿಂದ ಕೆಳಗಿನ ಗಂಭೀರ ಶ್ರುತಿಯೊಂದನ್ನು ಹಿಡಿದು, ಬಾಯಿಯ ಪೊಟರೆಯನ್ನು ಹಿಗ್ಗಿಸಿ ಕುಗ್ಗಿಸಿ ಅದರಲ್ಲಿ ಅಡಗಿರುವ ಮೇಲಿನ ಸ್ವರಗಳನ್ನು ಸಿಳ್ಳಿನಂತೆ ಮೇಲೆತ್ತುತ್ತಾನೆ. ಒಂದೇ ಗಂಟಲಿನಲ್ಲಿ ಎರಡು ದನಿ ಕೇಳುತ್ತವೆ. ಮಂಗೋಲರ ಈ ಕಂಠಗಾನವನ್ನು ಯುನೆಸ್ಕೋ ೨೦೧೦ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಇದರ ಮೇಲೆ ಹೆವಿ ಮೆಟಲ್ ಸಂಗೀತದ ಭಾರವಾದ ಗಿಟಾರು, ನಗಾರಿಗಳ ಬಡಿತ ಸೇರಿದೆ. ತಾವು ಮಾಡುವುದನ್ನು ಇವರು ‘ಹುನ್ನು ರಾಕ್’ ಎನ್ನುತ್ತಾರೆ. ಇವರು ಜತೆಗೆ ಕರೆದುಕೊಂಡ ಗಾಯಕರಾದರೋ ಅಮೆರಿಕದ ಆಲ್ಟರ್ನೇಟಿವ್ ಮೆಟಲ್ ಮತ್ತು ಅದಕ್ಕೆ ನೆರೆಯಾದ ಶೈಲಿಗಳವರು. ೧೯೮೦ರ ಮತ್ತು ೧೯೯೦ರ ದಶಕಗಳಲ್ಲಿ ಮೆಟಲ್ಲಿನ ಭಾರಕ್ಕೆ ಫಂಕ್, ರಾಪ್ ಮುಂತಾದ ಬೇರೆ ಬೇರೆ ರೀತಿಗಳನ್ನು ಬೆರೆಸಿದ ಪಂಥ ಅದು. ಬೆರಕೆ ಅದರ ಹುಟ್ಟುಗುಣ. ಆದುದರಿಂದ ಮಂಗೋಲರು ಅವರನ್ನು ಕರೆದುದು ಅಸಹಜವೆನ್ನಲು ಕಾರಣವಿಲ್ಲ.

‘ಯುವೆ ಯುವೆ ಯು’ವಿಗೆ ಫ್ರಂ ಆಶಸ್ ಟು ನ್ಯೂ ತಂಡದ ಡ್ಯಾನಿ ಕೇಸ್, ‘ವುಲ್ಫ್ ಟೋಟೆಮ್’ಗೆ ಪಾಪಾ ರೋಚ್ ತಂಡದ ಜಕೋಬಿ ಶ್ಯಾಡಿಕ್ಸ್, ‘ಸಾಂಗ್ ಆಫ್ ವಿಮೆನ್’ ಎಂಬುದಕ್ಕೆ ಹೇಲ್‌ಸ್ಟಾರ್ಮ್ ತಂಡದ ಲಿಜ್ಜಿ ಹೇಲ್ ದನಿಗೂಡಿಸಿದರು. ಈ ಮರುಧ್ವನಿಮುದ್ರಣಗಳು ೨೦೧೯ ಮತ್ತು ೨೦೨೦ರಲ್ಲಿ ಬಂದವು.

೩

‘ವುಲ್ಫ್ ಟೋಟೆಮ್’ ಎಂಬುದನ್ನು ಮೊದಲು ತೆಗೆದುಕೊಳ್ಳೋಣ. ಟೋಟೆಮ್ ಎಂದರೆ ಕುಲಚಿಹ್ನೆ. ನಮ್ಮಲ್ಲಿ ಬಳಿ, ಬೆಡಗುಗಳಿಗೆ ಪ್ರಾಣಿಗಳ, ಮರಗಳ ಹೆಸರಿರುವಂತೆ ಮಂಗೋಲರಿಗೆ ತೋಳ. ಹದಿಮೂರನೆಯ ಶತಮಾನದ ‘ಮಂಗೋಲರ ರಹಸ್ಯ ಚರಿತ್ರೆ’ ತಮ್ಮ ಮೂಲಪುರುಷನನ್ನು ಬೂದುನೀಲಿಯ ತೋಳನೆಂದೇ ಹೇಳಿ ಮೊದಲಾಗುತ್ತದೆ. ಹಾಡಿನ ವಸ್ತು ಸರಳ. ಸಿಂಹ ಬರಲಿ, ಹುಲಿ ಬರಲಿ, ಆನೆ ಬರಲಿ, ಮನುಷ್ಯನೇ ಬರಲಿ, ಒಂದೊಂದಕ್ಕೂ ತಕ್ಕ ರೀತಿಯಲ್ಲಿ ಎದುರು ನಿಲ್ಲುತ್ತೇವೆ ಎಂಬ ವೀರಾಹ್ವಾನ.

ವಸ್ತುವಿಗಿಂತ ಅದನ್ನು ಕಟ್ಟಿರುವ ಕ್ರಮ ಹೆಚ್ಚು ಸ್ವಾರಸ್ಯದ್ದು. ಮೃಗದ ಹೆಸರೂ ಅದರೊಡನೆ ಕಾದುವ ಕ್ರಿಯಾಪದವೂ ಬಹುಮಟ್ಟಿಗೆ ಒಂದೇ ದನಿಯಿಂದ ಮೊದಲಾಗುತ್ತವೆ. ಹುಲಿಯೊಡನೆ ಕುಸ್ತಿಯನ್ನೇ ಏಕೆ ಆಡಬೇಕು ಎಂದರೆ, ಆ ಭಾಷೆಯಲ್ಲಿ ‘ಹುಲಿ’ಗೂ ‘ಕುಸ್ತಿಯಾಡು’ ಎಂಬುದಕ್ಕೂ ಬಕಾರವೇ ಮೊದಲು. ಕ್ರಿಯೆಯನ್ನು ಆರಿಸಿಕೊಟ್ಟುದು ಭಾಷೆಯೇ. ಸಾಲುಗಳ, ಪದಗಳ ಆದಿಯಲ್ಲಿ ದನಿಯನ್ನು ಹೊಂದಿಸುವ ಈ ಪದ್ಧತಿ ಮಂಗೋಲ ಪದ್ಯಕ್ಕೆ ಪ್ರಾಚೀನವಾದ ಸ್ವಭಾವ. ‘ರಹಸ್ಯ ಚರಿತ್ರೆ’ಯ ಪದ್ಯಭಾಗಗಳಲ್ಲೂ ಅದು ಇದೆ.

ಕನ್ನಡ ಅಧ್ಯಾಪಕರಿಗೆ ಇದು ತಟ್ಟನೆ ಮನಸ್ಸಿಗೆ ಹಿಡಿಯುವ ವಿಷಯ. ನಮ್ಮ ಆದಿಪ್ರಾಸದಲ್ಲಿ ಪಾದಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅವರಲ್ಲಿ ಮೊದಲ ದನಿ, ನಮ್ಮಲ್ಲಿ ಎರಡನೆಯ ಅಕ್ಷರ. ಆದರೂ ಕಿವಿಯನ್ನು ಸಾಲಿನ ತಲೆಯಲ್ಲಿಯೇ ಎಚ್ಚರಿಸುವ ಉದ್ದೇಶ ಒಂದೇ. ಈ ಕಟ್ಟನ್ನು ಬಿಡುವುದು ಎಷ್ಟು ದೊಡ್ಡ ನಿರ್ಧಾರವೆಂಬುದೂ ನಮಗೆ ಗೊತ್ತು. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿ ಪ್ರಾಸವನ್ನು ತ್ಯಜಿಸಿ ಕವಿತೆ ಬರೆದಾಗ ಎದ್ದ ಆಕ್ಷೇಪಣೆಗಳನ್ನು ನಮ್ಮ ಸಾಹಿತ್ಯ ಚರಿತ್ರೆ ಮರೆತಿಲ್ಲ. ಆದರೆ ಪೈಗಳು ಪ್ರಾಸವನ್ನು ಬಿಟ್ಟುದು ಕನ್ನಡದ ಒಳಗಿದ್ದು, ಕನ್ನಡಕ್ಕಾಗಿ. ಅದರ ಬದಲಿಗೆ ನಡೆಯನ್ನು, ಭಾವದ ಬಿಗಿಯನ್ನು ಕಟ್ಟಿಕೊಳ್ಳುವ ಹೊಣೆಯನ್ನೂ ಅವರೇ ಹೊತ್ತರು.

ಮರುಧ್ವನಿಮುದ್ರಣದಲ್ಲಿ ಶ್ಯಾಡಿಕ್ಸ್ ಅವರ ದನಿ ಬಂದೊಡನೆ ಈ ತಲೆಯ ಕಟ್ಟು ಸಡಿಲುತ್ತದೆ. ಅವರು ಸಾಮಾನ್ಯ ಗಾಯಕರಲ್ಲ. ಪಾಪಾ ರೋಚ್ ತಂಡ ಕ್ಯಾಲಿಫೋರ್ನಿಯದ ವಾಕವಿಲ್ ಎಂಬಲ್ಲಿ ೧೯೯೩ರಲ್ಲಿ ಹುಟ್ಟಿ, ೨೦೦೦ದ ‘ಇನ್ಫೆಸ್ಟ್’ ಸಂಪುಟದಿಂದ ಪ್ರಸಿದ್ಧವಾಯಿತು. ಕೂಗನ್ನು ಹಾಡಿನ ಎಲ್ಲೆಯೊಳಗೆ ಹಿಡಿದು ನಿಲ್ಲಿಸುವ ಶಕ್ತಿ ಅವರಿಗೆ ಉಂಟು. ಇಲ್ಲಿಯೂ ಅವರ ಆವೇಶ ಸುಳ್ಳಲ್ಲ. ಆಹ್ವಾನದ ಅದೇ ಭಾವವನ್ನು ಅವರು ಇಂಗ್ಲಿಷಿನಲ್ಲಿ ಸಾರುತ್ತಾರೆ. ಆದರೆ ಈಗಿನ ಇಂಗ್ಲಿಷ್ ಹಾಡಿನ ಕಿವಿ ಇರುವುದು ಸಾಲಿನ ಕೊನೆಯಲ್ಲಿ. ಪ್ರಾಚೀನ ಇಂಗ್ಲಿಷಿನ ‘ಬೇವುಲ್ಫ್’ ಮುಂತಾದ ಕಾವ್ಯಗಳಲ್ಲಿ ಆದಿಯ ದನಿಗಳನ್ನು ಹೊಂದಿಸುವ ಪದ್ಧತಿಯೇ ಇತ್ತು; ಕಾಲಕ್ರಮದಲ್ಲಿ ಆ ಭಾಷೆ ಅದನ್ನು ಬಿಟ್ಟು ಅಂತ್ಯಪ್ರಾಸಕ್ಕೆ ಒಲಿಯಿತು. ಹೀಗಾಗಿ ಹುಲಿ ಬಂದರೂ ಕುಸ್ತಿ ಬರಲಿಲ್ಲ. ಬಂದರೂ ಅವುಗಳ ದನಿಗೆ ನಂಟಿಲ್ಲ. ಅರ್ಥ ಕೈಗೆ ಸಿಕ್ಕಿತು, ಅದನ್ನು ಹುಟ್ಟಿಸಿದ ನಾದದ ನ್ಯಾಯ ಕೈಬಿಟ್ಟಿತು. ಕನ್ನಡದಲ್ಲಾದರೂ ‘ಹುಲಿ’ಗೆ ‘ಹೋರು’ ಎಂಬ ಮಾತು ಒದಗೀತೆಂದು ನಮಗೆ ತೋರಿದುದುಂಟು. ಹುಡುಕಿದ್ದರೆ ಇಂಗ್ಲಿಷಿನಲ್ಲೂ ಅಂಥ ಜೋಡಿಗಳು ದೊರೆಯದೆ ಇರುತ್ತಿರಲಿಲ್ಲ.

ಮೊದಲು ಹೇಳಿದ ಅಳತೆಗೋಲಿನಿಂದ ನೋಡಿದರೆ, ಇಲ್ಲಿಯ ಅತಿಥಿ ಪದದ ಮಾತನ್ನೇ ಮತ್ತೆ ಒಪ್ಪಿಸಿದ ಅರ್ಥಧಾರಿ. ಅದೂ ಉತ್ಸಾಹದಿಂದ, ಉತ್ತಮ ಕಂಠದಿಂದ. ಆದರೂ ಪದ ಬೆಳೆಯಲಿಲ್ಲ.

ಇದಕ್ಕೆ ಒಂದು ಪ್ರತಿವಾದವುಂಟು. ಇಂಗ್ಲಿಷಿಲ್ಲದ ಹಾಡನ್ನು ಅಮೆರಿಕದ ರೇಡಿಯೋ ನಿಲಯಗಳು ಬಿತ್ತರಿಸುವುದು ಅಪರೂಪ. ಕೇಳುವವರ ಬಳಿಗೆ ಹೋಗಬೇಕಾದರೆ ಅವರ ಭಾಷೆಯ ಎರಡು ಮಾತು ಇರಲೇಬೇಕು, ಎಂಬುದು. ವ್ಯಾಪಾರದ ದೃಷ್ಟಿಯಿಂದ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾಲಕ್ರಮವನ್ನು ಸರಿಯಾಗಿ ನೋಡಬೇಕು. ‘ವುಲ್ಫ್ ಟೋಟೆಮ್’ ಬಿಲ್‌ಬೋರ್ಡ್ ಪತ್ರಿಕೆಯ ಹಾರ್ಡ್ ರಾಕ್ ಡಿಜಿಟಲ್ ಮಾರಾಟದ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೆ ಬಂದುದು ೨೦೧೯ರ ಏಪ್ರಿಲಿನಲ್ಲಿ. ಶ್ಯಾಡಿಕ್ಸ್ ಅವರ ದನಿ ಸೇರಿದ ಹಾಡು ಹೊರಬಂದುದು ಆ ವರ್ಷದ ಡಿಸೆಂಬರಿನಲ್ಲಿ. ಎಂದರೆ ಒಂದು ಮಾತೂ ತಿಳಿಯದ ಜನ ಹಣ ಕೊಟ್ಟು ಕೊಂಡುದು ಶುದ್ಧ ಮಂಗೋಲ ಭಾಷೆಯ ಹಾಡನ್ನು. ಸುಮಾರು ೩೪ ಲಕ್ಷ ಜನರಿರುವ ದೇಶದ ಭಾಷೆಯೊಂದು ತನ್ನ ಸ್ವಂತ ಕಾಲಿನ ಮೇಲೆ ಅಲ್ಲಿಗೆ ಹೋಗಿ ಮುಟ್ಟಿತ್ತು. ಊರುಗೋಲು ಆ ಮೇಲೆ ಬಂತು.

೪

‘ಯುವೆ ಯುವೆ ಯು’ವಿನ ಸಮಸ್ಯೆ ಬೇರೆ ಬಗೆಯದು. ಇದು ತಮ್ಮವರನ್ನು ತಾವೇ ಗದರಿಸುವ ಹಾಡು. ಪೂರ್ವಿಕರ ಹೆಸರು ಹೇಳಿಕೊಂಡು ಮೆರೆಯುವಿರಿ, ಉಂಡು ಕುಡಿದು ಕಾಲ ಕಳೆಯುವಿರಿ, ಕೊಟ್ಟ ಮಾತನ್ನು ಮಾತ್ರ ಉಳಿಸಿಕೊಳ್ಳಲಾರಿರಿ, ಹೀಗೇಕೆ ಎಂದು ಮಂಗೋಲನು ಮಂಗೋಲನನ್ನು ಕೇಳುತ್ತಾನೆ. ನಮ್ಮ ವಚನಕಾರರು, ದಾಸರು ಸಮಾಜವನ್ನು ಬಯ್ದುದೂ ಈ ಜಾತಿಯದೇ. ಒಳಗಿನವನ ಕೋಪಕ್ಕೆ ಒಂದು ಹಕ್ಕಿರುತ್ತದೆ, ಆ ಹಕ್ಕಿನಿಂದಲೇ ಮಾತಿಗೆ ಕಾವು.

ಇಂಥ ಹಾಡಿನೊಳಕ್ಕೆ ಹೊರಗಿನ ಗಾಯಕನೊಬ್ಬನು ಬಂದಾಗ, ಅವನು ಯಾರಿಗೆ ಹೇಳುತ್ತಿದ್ದಾನೆ ಎಂಬ ಸಂದೇಹ ಏಳುತ್ತದೆ. ಮಂಗೋಲರಿಗೋ? ಹಾಗಿದ್ದರೆ ಅಣ್ಣತಮ್ಮಂದಿರ ಜಗಳದ ನಡುವೆ ನೆರೆಯವನು ಬುದ್ಧಿ ಹೇಳಿದಂತೆ. ತನ್ನವರಿಗೋ? ಹಾಗಿದ್ದರೆ ಅವರ ಪೂರ್ವಿಕರು ಯಾರು, ಅವರು ಮುರಿದ ಮಾತು ಯಾವುದು ಎಂಬುದು ಹಾಡಿನಲ್ಲಿ ಬರಬೇಕಾಗಿತ್ತು. ಡ್ಯಾನಿ ಕೇಸ್ ಅವರ ಕಂಠದಲ್ಲಿ ದೋಷವಿಲ್ಲ. ಉತ್ತರ ಹಿಡಿದು ಏರಿಸುವ ಭಾಗಗಳಲ್ಲಿ ಅದು ಇಂಪಾಗಿಯೂ ಇದೆ. ದೋಷ ಇರುವುದು ಸಂಬೋಧನೆಯಲ್ಲಿ. ‘ನೀವು’ ಎಂಬುದು ಯಾರು ಎಂದು ತಿಳಿಯದ ಬಯ್ಗುಳ ಬರಿಯ ಗದ್ದಲವಾಗುತ್ತದೆ. ಮೂರರಲ್ಲಿ ನಮಗೆ ತೀರ ದುರ್ಬಲವಾಗಿ ತೋರಿದುದು ಇದೇ.

ಇನ್ನು ಮೂರನೆಯದು, ‘ಸಾಂಗ್ ಆಫ್ ವಿಮೆನ್’. ‘ದಿ ಗೆರೆಗ್’ ಸಂಪುಟದ ಒಂಬತ್ತನೆಯ, ಕೊನೆಯ ಹಾಡು ಇದು. ಯುದ್ಧ, ಕುದುರೆ, ಖಾನರ ವೈಭವಗಳನ್ನೆಲ್ಲ ಹಾಡಿ ಮುಗಿಸಿ, ಸಂಪುಟದ ಕೊನೆಗೆ ಈ ಗಂಡಸರು ಹೆಣ್ಣಿನ ಹಿರಿಮೆಯನ್ನು ಹಾಡುತ್ತಾರೆ. ಮೂಲದಲ್ಲಿ ಇದು ಸೊಗಸಾದ ಹಾಡೇ. ಆದರೆ ಹೆಣ್ಣನ್ನು ಕುರಿತು ಗಂಡಸರೇ ಸುತ್ತ ಕುಳಿತು ಮಾತಾಡಿದಂತಿತ್ತು. ಯಾರ ಸ್ತುತಿ ನಡೆದಿದೆಯೋ ಅವಳ ಆಸನ ಬರಿದಾಗಿತ್ತು.

ಮರುಧ್ವನಿಮುದ್ರಣದಲ್ಲಿ ಆ ಆಸನಕ್ಕೆ ಲಿಜ್ಜಿ ಹೇಲ್ ಬಂದು ಕುಳಿತರು. ಅವರ ಹೇಲ್‌ಸ್ಟಾರ್ಮ್ ತಂಡ ಪೆನ್ಸಿಲ್ವೇನಿಯದ್ದು. ೨೦೧೩ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದದ್ದು. ಗಂಡು ಕಂಠಗಳೇ ತುಂಬಿದ ಮೆಟಲ್ ಸಂಗೀತದಲ್ಲಿ ತನ್ನ ಸ್ಥಾನವನ್ನು ತಾನೇ ಗಳಿಸಿಕೊಂಡ ದನಿ ಅವರದು. ಅವರು ಹಾಡುವುದೂ ಇಂಗ್ಲಿಷಿನಲ್ಲಿಯೇ. ಆದರೂ ಹಿಂದಿನ ಎರಡು ಹಾಡುಗಳಲ್ಲಿ ಆದ ಕಿರಿಕಿರಿ ಇಲ್ಲಿ ಆಗುವುದಿಲ್ಲ. ಕಾರಣವಿಷ್ಟೆ: ಮಂಗೋಲದಲ್ಲಿ ಹೇಳಿ ಆದುದನ್ನು ಇಂಗ್ಲಿಷಿನಲ್ಲಿ ಮತ್ತೆ ಹೇಳಲು ಅವರು ಬಂದಿಲ್ಲ. ಹೊಗಳಿಸಿಕೊಂಡವಳು ಈಗ ತಾನೇ ಎದ್ದು ಮಾತಾಡಿದಂತಾಗಿದೆ. ‘ಅವಳು’ ಎಂದಿದ್ದುದು ‘ನಾನು’ ಎಂದಾಯಿತು. ಇದು ಎರಡನೆಯ ಬಗೆಯ ಅರ್ಥಗಾರಿಕೆ. ಪದವು ಬಿಟ್ಟಿದ್ದ ಜಾಗವನ್ನು ಅರ್ಥಧಾರಿ ಕಂಡುಕೊಂಡದ್ದು.

ನಾದದ ದೃಷ್ಟಿಯಿಂದಲೂ ಒಂದು ವಿಶೇಷವನ್ನು ಹೇಳಬೇಕು. ಖೂಮೇ ಗಾಯನದಲ್ಲಿ ಕೆಳಗೆ ಗಂಭೀರವಾದ ಶ್ರುತಿ, ಮೇಲೆ ತೆಳುವಾದ ಸ್ವರ ಎಂದು ಆಗಲೇ ಹೇಳಿದೆವು. ಇಲ್ಲಿ ಗಂಡಸರ ಗಂಟಲು ಕೆಳಗಿನ ನೆಲವನ್ನು ಹಿಡಿದಿದೆ. ಅದರ ಮೇಲೆ ಹೆಣ್ಣು ದನಿ ಏರಿ ಏರಿ ನಿಲ್ಲುತ್ತದೆ. ಒಬ್ಬ ಮಂಗೋಲ ಗಾಯಕನ ಗಂಟಲೊಳಗೆ ನಡೆಯುವ ಕ್ರಿಯೆಯೇ ಎರಡು ದೇಶಗಳ ಇಬ್ಬರು ಗಾಯಕರ ನಡುವೆ ಹರಡಿಕೊಂಡಿತು. ಇದನ್ನು ಬೇಕೆಂದು ಮಾಡಿದರೋ ತಾನಾಗಿ ಆಯಿತೋ ವಿಮರ್ಶಕನಿಗೆ ಮುಖ್ಯವಲ್ಲ. ಹೊರಗಿನಿಂದ ಬಂದ ಭಾಷೆ ಮನೆಯ ನಾದದ ಕಟ್ಟಿಗೆ ಒಳಪಟ್ಟು ನಡೆಯಿತು ಎಂಬುದು ಮುಖ್ಯ. ‘ವುಲ್ಫ್ ಟೋಟೆಮ್’ನಲ್ಲಿ ಆಗದೆ ಹೋದದ್ದು ಇದು.

೫

ಇದೇ ತಂಡ ಮುಂದೆ ದಾರಿಯನ್ನು ತಿರುಗುಮುರುಗು ಮಾಡಿ ನಡೆದುದನ್ನೂ ಇಲ್ಲಿ ಸೇರಿಸಿ ನೋಡಬೇಕು. ಅಮೆರಿಕದ ಮೆಟಾಲಿಕಾ ತಂಡ ೧೯೯೧ರ ತನ್ನ ಸಂಪುಟದಲ್ಲಿ ಹಾಡಿದ ‘ಸ್ಯಾಡ್ ಬಟ್ ಟ್ರೂ’ ಎಂಬುದನ್ನು ‘ದಿ ಹು’ ೨೦೨೦ರಲ್ಲಿ ಮಂಗೋಲ ಭಾಷೆಗೆ ತಂದು, ಕುದುರೆದಲೆಯ ಪಿಟೀಲಿನೊಡನೆ ಹಾಡಿತು. ೨೦೨೧ರಲ್ಲಿ ಅದೇ ಸಂಪುಟದ ಗೌರವಾರ್ಥವಾಗಿ ಅನೇಕರು ಕೂಡಿ ಹಾಡಿದ ‘ದಿ ಮೆಟಾಲಿಕಾ ಬ್ಲ್ಯಾಕ್‌ಲಿಸ್ಟ್’ನಲ್ಲಿಯೂ ಇವರದೊಂದು ಹಾಡು ಸೇರಿತು. ೧೯೨೦ರ ದಶಕದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಎಂಬ ಹೆಸರಿನಿಂದ ಕನ್ನಡಕ್ಕೆ ಮಾಡಿದ ಉಪಕಾರವನ್ನು ಇಲ್ಲಿ ನೆನೆಯಬಹುದು. ಪರಭಾಷೆಯ ಗೀತವನ್ನು ತನ್ನ ಲಯಕ್ಕೆ ಬಗ್ಗಿಸಿಕೊಳ್ಳುವ ಭಾಷೆ ತನ್ನ ಶಕ್ತಿಯನ್ನು ತಾನೇ ಕಂಡುಕೊಳ್ಳುತ್ತದೆ. ಅತಿಥಿಯನ್ನು ಕರೆಯುವುದು ಎಷ್ಟು ಸಹಜವೋ ಅತಿಥಿಯಾಗಿ ಹೋಗಿ ತನ್ನ ಮಾತಿನಲ್ಲೇ ಹಾಡಿ ಬರುವುದೂ ಅಷ್ಟೇ ಸಹಜವಾಗಬೇಕು.

ಈ ಹಾಡುಗಳ ಹಿಂದೆ ಇನ್ನೂ ಒಂದು ಸಂಗತಿ ಇದೆ. ಮಂಗೋಲಿಯಾ ದೇಶದಲ್ಲಿರುವುದಕ್ಕಿಂತ ಹೆಚ್ಚು ಮಂಗೋಲರು ಅದರ ದಕ್ಷಿಣದ ಗಡಿಯಾಚೆ, ಚೀನಾದ ಒಳಮಂಗೋಲಿಯದಲ್ಲಿ ಇದ್ದಾರೆ. ಭಾಷೆ ಒಂದು, ಲಿಪಿ ಎರಡಾಗಿದೆ. ದೇಶದೊಳಗೆ ೧೯೪೦ರ ದಶಕದಿಂದ ಸಿರಿಲಿಕ್ ಲಿಪಿ, ಗಡಿಯಾಚೆ ಮೇಲಿಂದ ಕೆಳಕ್ಕೆ ಬರೆಯುವ ಹಳೆಯ ಲಿಪಿ. ಲಿಜ್ಜಿ ಹೇಲ್ ಅವರ ದನಿ ಸೇರಿದ ಹಾಡು ಹೊರಬಂದ ೨೦೨೦ರಲ್ಲಿಯೇ, ಗಡಿಯಾಚೆಯ ಮಂಗೋಲ ಶಾಲೆಗಳಲ್ಲಿ ಭಾಷಾಸಾಹಿತ್ಯ, ರಾಜಕೀಯ, ಇತಿಹಾಸ ಎಂಬ ವಿಷಯಗಳನ್ನು ಕ್ರಮಕ್ರಮವಾಗಿ ಚೀನೀ ಭಾಷೆಯಲ್ಲಿ ಕಲಿಸಬೇಕೆಂಬ ಆಜ್ಞೆ ಜಾರಿಗೆ ಬಂತು. ಆ ಸೆಪ್ಟೆಂಬರಿನಲ್ಲಿ ತಾಯಿತಂದೆಗಳು ಮಕ್ಕಳನ್ನು ಶಾಲೆಗೆ ಕಳುಹಿಸದೆ ಪ್ರತಿಭಟಿಸಿದರು. ಒಂದೇ ಭಾಷೆ ಒಂದು ಕಡೆ ಲೋಕದ ರಂಗಸ್ಥಳಗಳಲ್ಲಿ ಚಪ್ಪಾಳೆ ಪಡೆಯುತ್ತಿದ್ದಾಗ ಇನ್ನೊಂದು ಕಡೆ ಪಾಠಶಾಲೆಯ ವೇಳಾಪಟ್ಟಿಯಿಂದ ಜಾರುತ್ತಿತ್ತು. ೨೦೨೨ರಲ್ಲಿ ಯುನೆಸ್ಕೋ ಈ ತಂಡಕ್ಕೆ ಶಾಂತಿಯ ಕಲಾವಿದರೆಂಬ ಬಿರುದನ್ನು ಕೊಟ್ಟಿತು, ಸಂತೋಷದ ವಿಷಯ. ಆದರೆ ಬಿರುದು ಬಂದ ಭಾಷೆಗೂ ತರಗತಿ ಬೇಕು ಎಂಬುದನ್ನು ಗಡಿನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ತರಗತಿಗಳಿಗೆ ಇದರಿಂದ ದೊರೆಯುವ ಪಾಠವೂ ಒಂದುಂಟು. ಕನ್ನಡ ಪದ್ಯವನ್ನು ಓದಿಸುವಾಗ ಮಕ್ಕಳ ಮುಖ ಬಾಡಿದೊಡನೆ ನಮ್ಮ ಬಾಯಿಗೆ ಮಲಯಾಳವೋ ಮರಾಠಿಯೋ ತೆಲುಗೋ ತಮಿಳೋ ಬರುತ್ತದೆ. ಅದು ತಪ್ಪೆಂದು ನಾವು ಹೇಳುವುದಿಲ್ಲ; ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳದೆ ವಿಧಿಯಿಲ್ಲ. ಆದರೆ ಎರಡು ವಿಷಯಗಳನ್ನು ಮರೆಯಬಾರದು. ಪದ ಮೊದಲು ಪೂರ್ಣವಾಗಿ ಕಿವಿಗೆ ಬೀಳಬೇಕು. ಭಾಗವತರು ಹಾಡಿ ಮುಗಿಸುವ ಮೊದಲೇ ಅರ್ಥಧಾರಿ ಬಾಯಿ ಹಾಕಿದರೆ ಕೂಟ ಕೆಡುತ್ತದೆ. ಎರಡನೆಯದಾಗಿ, ಇನ್ನೊಂದು ಭಾಷೆ ಬಂದಾಗ ಪದ್ಯದ ಮಾತನ್ನೇ ಮತ್ತೊಮ್ಮೆ ಒಪ್ಪಿಸಿ ಹೋಗದೆ, ಮಗುವಿನ ಮನೆಯಿಂದ ಏನನ್ನಾದರೂ ತರಬೇಕು: ಅದರ ಅಜ್ಜಿಯ ಗಾದೆಯನ್ನು, ಅದರ ಊರಿನ ಹಾಡನ್ನು. ಆಗ ಮನೆಮಾತು ಕನ್ನಡದ ಪದ್ಯದಲ್ಲಿ ಬರಿದಾಗಿದ್ದ ಆಸನವನ್ನು ತುಂಬುತ್ತದೆ.

ಈ ಹಾಡುಗಳನ್ನು ಕೇಳಬೇಕೆನ್ನುವ ಮಿತ್ರರಿಗೆ ನಮ್ಮದೊಂದು ಸೂಚನೆ. ಮೊದಲು ‘ವುಲ್ಫ್ ಟೋಟೆಮ್’ನ ೨೦೧೮ರ ಮೂಲವನ್ನು ಎರಡು ಸಲ ಕೇಳಿ, ಅರ್ಥವನ್ನು ಹುಡುಕದೆ ಸಾಲುಗಳ ತಲೆಯ ದನಿಗಳನ್ನಷ್ಟೇ ಎಣಿಸಿ. ಆ ಮೇಲೆ ಮರುಧ್ವನಿಮುದ್ರಣವನ್ನು ಕೇಳಿ. ಕೊನೆಗೆ ‘ಸಾಂಗ್ ಆಫ್ ವಿಮೆನ್’ನ ಎರಡು ರೂಪಗಳನ್ನೂ ಒಂದರ ಹಿಂದೆ ಒಂದರಂತೆ ಕೇಳಿ. ಹೆಣ್ಣು ದನಿ ಎಲ್ಲಿ ಏಳುತ್ತದೆಯೋ ಅಲ್ಲಿ ಮೂಲದಲ್ಲಿ ಏನಿತ್ತು ಎಂದು ಹಿಂದಿರುಗಿ ಕೇಳಿ ನೋಡಿದರೆ, ನಮ್ಮ ತೀರ್ಪು ಸರಿಯೋ ತಪ್ಪೋ ಎಂಬುದನ್ನು ಸಹೃದಯರೇ ನಿರ್ಣಯಿಸಬಹುದು.